ಗೋಡು, ಪಾಚಿ, ಪೇಟೆ ಗೊಬ್ಬರ

ತಾತನಿಂದ ನನ್ನ ಪಾಲಿಗೆ ಬಂದದ್ದು ನಾಲ್ಕೂವರೆ ಎಕರೆ ಮಾವಿನ ತೋಪು, ಒಂದು ತಗಡಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒಂದು ಲೆಕ್ಕದ ಪುಸ್ತಕ. ಕೆಂಪು ರಟ್ಟಿನ ಉದ್ದನೆಯ ಪುಸ್ತಕ. ಅಕ್ಷರ ಕನ್ನಡದ್ದು, ಮಾತು ಅರ್ಧ ಕನ್ನಡ ಅರ್ಧ ತೆಲುಗು. ಕೋಲಾರದ ಕಡೆಯವರ ಬರವಣಿಗೆ ಹಾಗೇ ಇರುತ್ತಿತ್ತು. ಅದರಲ್ಲಿ ಮಾವಿನಕಾಯಿ ಯಾವ ಮಂಡಿಗೆ ಹೋಯಿತು, ಎಷ್ಟಕ್ಕೆ ಹೋಯಿತು ಎಂಬ ಲೆಕ್ಕ ಸ್ವಲ್ಪವೇ. ಹೆಚ್ಚಿನ ಪುಟಗಳಲ್ಲಿ ಇರುವುದು ಗೊಬ್ಬರ. ‘ಗೋಡು 40 ಗಾಡಿ. ಹೊಂಗೆ ಸೊಪ್ಪು 60 ಹೊರೆ. ಪೇಟೆ ಗೊಬ್ಬರ 12 ಗಾಡಿ.’ ಇಂಥ ಸಾಲುಗಳು ವರ್ಷದಿಂದ ವರ್ಷಕ್ಕೆ ಬರುತ್ತವೆ. ಯಾವ ಮರಕ್ಕೆ ಎಷ್ಟು ಮಂಕರಿ ಬಿತ್ತು ಎನ್ನುವುದನ್ನೂ ಬರೆದಿದ್ದಾರೆ. ಗಾಡಿ ಎಳೆದ ಎತ್ತುಗಳ ಹೆಸರಿದೆ. ಒಂದು ಎತ್ತಿಗೆ ಕಾಲು ಉಳುಕಿದ ದಿನವೂ ಇದೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ, ಈಗ ತೋಪಿನಲ್ಲೇ ಕಾಲ ಕಳೆಯುತ್ತಿರುವ ನನಗೆ ಈ ಪುಸ್ತಕ ಓದಿದಷ್ಟೂ ಮುಗಿಯದು. ಮಾವು, ಸಪೋಟ, ಸೀಬೆ ಮರಗಳಿಗೆ ನಮ್ಮ ಹಿರಿಯರು ಏನು ಉಣಿಸಿದರು, ಅದು ಎಲ್ಲಿಂದ ಬಂತು, ಯಾರು ಹೊತ್ತು ತಂದರು ಎಂದು ಹುಡುಕುತ್ತಾ ಹೊರಟರೆ ಅದು ಒಂದು ತೋಪಿನ ಕಥೆಯಾಗಿ ಉಳಿಯುವುದಿಲ್ಲ. ಕೆರೆಗೆ ಹೋಗುತ್ತದೆ, ಬೆಂಗಳೂರಿಗೆ ಹೋಗುತ್ತದೆ, ಮತ್ತೆ ತಿರುಗಿ ನಮ್ಮ ಕೆರೆಗೇ ಬರುತ್ತದೆ.

ಮೊದಲು ಗೋಡು. ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆಯಿಲ್ಲ. ಇರುವುದೆಲ್ಲ ಕೆರೆ, ಎರಡು ಸಾವಿರಕ್ಕೂ ಮೀರಿ. ಒಂದು ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟ ಕೋಲಾರ ಜಿಲ್ಲೆಯದು. ಅದರ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಕಣ್ಣಿಗೆ ಬೀಳುತ್ತವೆ. ಕೆರೆ ಕಟ್ಟಿಸಿದವರಿಗೆ, ಕೆರೆಯನ್ನು ಕಾಪಾಡಿಕೊಂಡು ಬಂದವರಿಗೆ ಬಿಟ್ಟ ಭೂಮಿಯ ಮಾತು ಅದು. ನೀರು ಬಿಡುವ ನೀರುಗಂಟಿಗೂ ಊರಿನ ಫಸಲಿನಲ್ಲಿ ಪಾಲಿತ್ತು. ಕೆರೆಯೆಂದರೆ ನೀರು ಮಾತ್ರವಾಗಿರಲಿಲ್ಲ. ಮಳೆಗೆ ಹೊಲಗಳಿಂದ ಕೊಚ್ಚಿಕೊಂಡು ಬಂದ ಮೇಲ್ಮಣ್ಣು, ದನಕುರಿಗಳ ಹಿಕ್ಕೆ ಸಗಣಿ, ಎಲೆ ಕಸ, ಎಲ್ಲ ಅಲ್ಲಿ ಹೋಗಿ ಕೂರುತ್ತಿತ್ತು. ಬೇಸಗೆಯಲ್ಲಿ ಕೆರೆ ಬತ್ತಿದಾಗ ಆ ಹೂಳನ್ನು ತೆಗೆದು ಹೊಲಕ್ಕೆ, ತೋಪಿಗೆ ಹೊಡೆಯುವುದು ರೂಢಿ. ಅದೇ ಗೋಡು. ತೆಗೆದವರಿಗೆ ಗೊಬ್ಬರ, ಕೆರೆಗೆ ಆಳ. ಅದಕ್ಕೆ ಯಾರೂ ಕಾಸು ಕೇಳುತ್ತಿರಲಿಲ್ಲ.

ಬತ್ತಿದ ಕೆರೆಯಂಗಳವನ್ನು ಹತ್ತಿರದಿಂದ ನೋಡದವರಿಗೆ ಒಂದು ಮಾತು ಹೇಳಬೇಕು. ನೀರು ಇಳಿದು ಹದಿನೈದು ದಿನಕ್ಕೆ ಕೆಸರು ಬಿರುಕು ಬಿಡುತ್ತದೆ. ಒಂದೊಂದು ಹೆಂಟೆಯೂ ಅಂಗೈಯಗಲ, ಅಂಚು ಮೇಲಕ್ಕೆ ಮುದುಡಿ, ಬಿಸಿಲಿಗಿಟ್ಟ ಹಪ್ಪಳದ ಹಾಗೆ. ಅದನ್ನು ಕೈಗೆತ್ತಿಕೊಂಡರೆ ಮೇಲೆ ತೆಳ್ಳನೆಯ ಒಂದು ಸಿಪ್ಪೆ ಕಾಣುತ್ತದೆ. ಬೂದು ಹಸಿರು ಬಣ್ಣ, ಒಣಗಿದ ಕಾಗದದ ಸದ್ದು. ಉಗುರಿನಿಂದ ಎಬ್ಬಿಸಿದರೆ ಒಂದೇ ಹಾಳೆಯಾಗಿ ಏಳುತ್ತದೆ. ಅದು ನೀರಿದ್ದಾಗ ಬೆಳೆದ ಪಾಚಿ. ಎರಡು ಹನಿ ನೀರು ಚಿಮುಕಿಸಿ ಅರ್ಧ ಗಂಟೆ ಬಿಟ್ಟರೆ ಸಿಪ್ಪೆಗೆ ಮತ್ತೆ ಹಸಿರು ಬರುತ್ತದೆ, ಮೊದಲ ಮಳೆಯ ವಾಸನೆ ಬರುತ್ತದೆ. ನನ್ನ ಕ್ಲಾಸಿನ ಮಕ್ಕಳಿಗೆ ಇದನ್ನು ಪ್ರತಿ ವರ್ಷ ತೋರಿಸುತ್ತಿದ್ದೆ.

ತಾತ ಗೋಡು ತುಂಬಿಸುವಾಗ ಎಲ್ಲೆಂದರಲ್ಲಿ ಗುದ್ದಲಿ ಹಾಕಲು ಬಿಡುತ್ತಿರಲಿಲ್ಲ. ಕೆರೆಯಂಗಳದಲ್ಲಿ ಬಗ್ಗಿ ಬಗ್ಗಿ ನೋಡುತ್ತಾ ನಡೆಯುವರು. ಸಿಪ್ಪೆ ದಪ್ಪಗೆ ಎದ್ದ ಜಾಗ ಸಿಕ್ಕಿದ ಮೇಲೆ ‘ಇಲ್ಲಿ ತೆಗೀರಿ’ ಅನ್ನುವರು. ಮರಳು ಮಿಶ್ರದ ಜಾಗ, ಬರಿ ಜೇಡಿ ಇರುವ ಜಾಗ ಅವರಿಗೆ ಬೇಡ. ಯಾಕೆ ಎಂದು ಕೇಳಿದರೆ ‘ಹಸಿರು ಹಿಡಿದ ಮಣ್ಣಿಗೆ ಸಾರ ಜಾಸ್ತಿ’ ಅಂದರೇ ಹೊರತು ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಅವರ ಅಪ್ಪ ಹಾಗೆ ಮಾಡುತ್ತಿದ್ದರಂತೆ.

ಅದರ ಹಿಂದಿನ ಕಾರಣ ನನಗೆ ತಿಳಿದದ್ದು ಕಾಲೇಜಿನಲ್ಲಿ. 1939ರಲ್ಲಿ ಪಿ.ಕೆ. ಡೇ ಎಂಬ ಬಂಗಾಳದ ವಿಜ್ಞಾನಿ, ಭತ್ತದ ಗದ್ದೆಯಲ್ಲಿ ನಿಂತ ನೀರಿನ ನೀಲಿ ಹಸಿರು ಪಾಚಿ ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಮಣ್ಣಿಗೆ ಕೂಡಿಸುತ್ತದೆ ಎಂದು ತೋರಿಸಿಕೊಟ್ಟರು. ಗೊಬ್ಬರವೇ ಹಾಕದ ಗದ್ದೆ ವರ್ಷವರ್ಷವೂ ಹೇಗೆ ಫಸಲು ಕೊಡುತ್ತದೆ ಎಂಬ ಒಗಟು ಅದರಿಂದ ಬಗೆಹರಿಯಿತು. ಆಮೇಲೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆರ್.ಎನ್. ಸಿಂಗ್ ಉತ್ತರ ಭಾರತದ ಚೌಳು ನೆಲದಲ್ಲಿ ಮಳೆನೀರು ನಿಲ್ಲಿಸಿ, ಪಾಚಿ ಬೆಳೆಸಿ, ಆ ನೆಲವನ್ನು ಬೇಸಾಯಕ್ಕೆ ತರುವ ದಾರಿ ತೋರಿಸಿದರು. 1961ರಲ್ಲಿ ಅವರ ದೊಡ್ಡ ಪುಸ್ತಕ ಬಂತು. ತಾತನ ಕಾಗದದಂಥ ಸಿಪ್ಪೆಯಲ್ಲಿ ಇದ್ದದ್ದು ಆ ಸಾರಜನಕ. ಪಾಚಿ ಸತ್ತು ಕೊಳೆತಾಗ ಅದು ಮರದ ಬೇರಿಗೆ ಸಿಗುತ್ತದೆ. ಡೇ ಅವರ ಹೆಸರು ತಾತನಿಗೆ ಗೊತ್ತಿರಲಿಲ್ಲ. ಆದರೂ ಇಬ್ಬರೂ ನೋಡಿದ್ದು ಒಂದನ್ನೇ ಎಂದು ತಿಳಿದ ದಿನ ನಾನು ಹಾಸ್ಟೆಲಿನಿಂದ ತಾತನಿಗೆ ಕಾಗದ ಬರೆದೆ.

ಮರಕ್ಕೆ ಆಹಾರ, ಮರಕ್ಕೆ ಔಷಧಿ ಎನ್ನುವ ಯೋಚನೆ ಕನ್ನಡಕ್ಕೆ ಹೊಸದಲ್ಲ. 1025ರಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆ, ನೆಲದಡಿಯ ನೀರು ಹುಡುಕುವುದು, ದನಕರುಗಳ ವೈದ್ಯ ಇವುಗಳ ಜೊತೆಗೆ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವಿದೆ. ಸಂಸ್ಕೃತದ ಪಂಡಿತರಿಗಾಗಿ ಅಲ್ಲ, ಕನ್ನಡ ಬಲ್ಲ ಸಂಸಾರಸ್ಥರಿಗಾಗಿ ಬರೆದ ಪುಸ್ತಕ. ಮರ ನೆಡುವವನ ಮಾತನ್ನು ಸಾವಿರ ವರ್ಷದ ಹಿಂದೆಯೇ ಬರೆದಿಡಲು ಯೋಗ್ಯವೆಂದು ಒಬ್ಬ ಕವಿಗೆ ತೋರಿತಲ್ಲ, ಅದು ನನಗೆ ಹೆಮ್ಮೆ.

ಈಗ ಪೇಟೆ ಗೊಬ್ಬರ. ಪುಸ್ತಕದಲ್ಲಿ ಅದರ ಹೆಸರು ಬರಲು ಶುರುವಾಗುವುದು 1950ರ ಸುಮಾರಿಗೆ. ನಮ್ಮೂರಿಂದ ನಾಲ್ಕು ಮೈಲಿ ದೂರದ ಪೇಟೆಯ ಮುನಿಸಿಪಾಲ್ಟಿಯವರು ಊರ ಹೊರಗೆ ಗುಂಡಿ ತೋಡಿ, ಕಸ ಮತ್ತು ಕಕ್ಕಸಿನ ಮಲವನ್ನು ಪದರ ಪದರವಾಗಿ ತುಂಬಿ, ಕೊಳೆತ ಮೇಲೆ ರೈತರಿಗೆ ಗಾಡಿ ಲೆಕ್ಕದಲ್ಲಿ ಮಾರುತ್ತಿದ್ದರು.

ಈ ವಿಧಾನಕ್ಕೆ ಲೋಕದಲ್ಲೆಲ್ಲ ಇರುವ ಹೆಸರು ಬೆಂಗಳೂರು ವಿಧಾನ. ವೈದ್ಯಕೀಯ ಓದುವ ಮಕ್ಕಳ ಪುಸ್ತಕದಲ್ಲಿ ಇಂದಿಗೂ ಅದೇ ಹೆಸರು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಮ್ಮವರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಇದನ್ನು ರೂಪಿಸಿದರು. ವರ್ಷ 1939. ಡೇ ಅವರು ಪಾಚಿಯ ಗುಟ್ಟು ಬಿಡಿಸಿದ ವರ್ಷವೂ ಅದೇ. ಅದಕ್ಕೆ ಮುಂಚೆ ಇಂದೋರಿನಲ್ಲಿ 1924ರಿಂದ 1931ರವರೆಗೆ ಆಲ್ಬರ್ಟ್ ಹೊವಾರ್ಡ್, ಯಶವಂತ ವಾಡ್ ಅವರ ಜೊತೆಗೂಡಿ ಕಾಂಪೋಸ್ಟಿನ ಒಂದು ಕ್ರಮ ಕಟ್ಟಿದ್ದರು. ಇಂದೋರಿನ ಕ್ರಮದಲ್ಲಿ ರಾಶಿಯನ್ನು ಮತ್ತೆ ಮತ್ತೆ ಮಗುಚಬೇಕು. ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಆದರೆ ಮಲ ಬೆರೆತ ಪಟ್ಟಣದ ಕಸವನ್ನು ಮಗುಚುವವರು ಯಾರು? ಆಚಾರ್ಯರ ಕ್ರಮದಲ್ಲಿ ಒಮ್ಮೆ ತುಂಬಿ ಮುಚ್ಚಿದರೆ ಆಯಿತು, ಮಗುಚುವುದೇ ಬೇಡ. ಕಾಲ ಹೆಚ್ಚು ಹಿಡಿಯುತ್ತದೆ, ನಾಲ್ಕರಿಂದ ಆರು ತಿಂಗಳು. ಆದರೆ ಮುಚ್ಚಿಟ್ಟದ್ದರಿಂದ ಸಾರಜನಕ ಗಾಳಿಗೆ ಹಾರಿಹೋಗುವುದು ಕಡಿಮೆ.

ಗುಂಡಿಯ ಆಳ ಮೂರು ಅಡಿ ಮೀರಬಾರದು. ತಳಕ್ಕೆ ಅರ್ಧ ಅಡಿ ಕಸ, ಅದರ ಮೇಲೆ ಎರಡು ಅಂಗುಲ ಮಲ, ಮತ್ತೆ ಅರ್ಧ ಅಡಿ ಕಸ. ಹೀಗೆ ನೆಲಮಟ್ಟ ದಾಟಿ ಒಂದು ಅಡಿ ಮೇಲೆ ಬರುವವರೆಗೆ. ಕೊನೆಯ ಪದರ ಕಸದ್ದೇ ಆಗಿರಬೇಕು, ದಪ್ಪಗೆ. ಅದರ ಮೇಲೆ ತೋಡಿದ ಮಣ್ಣು. ವಾರದೊಳಗೆ ಒಳಗೆ 60 ಡಿಗ್ರಿ ಮೀರಿ ಕಾವೇರುತ್ತದೆ. ಆ ಕಾವು ಎರಡು ಮೂರು ವಾರ ನಿಲ್ಲುತ್ತದೆ. ನೊಣದ ಮರಿ, ಹೊಟ್ಟೆಹುಳುವಿನ ಮೊಟ್ಟೆ, ರೋಗದ ಬೀಜ ಅದರಲ್ಲಿ ಬೆಂದುಹೋಗುತ್ತವೆ. ತೆಗೆದಾಗ ವಾಸನೆ ಇರುವುದಿಲ್ಲ. ಎರಡನೇ ಮಹಾಯುದ್ಧ, 1943ರ ಬಂಗಾಳದ ಕ್ಷಾಮ, ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಕೂಗು ಇವೆಲ್ಲ ಒಟ್ಟಿಗೆ ಬಂದ ಕಾಲದಲ್ಲಿ ಈ ಗುಂಡಿಗಳು ದೇಶದ ಊರೂರಿಗೆ ಹರಡಿದವು. ನಮ್ಮ ಪೇಟೆಗೂ ಬಂದವು.

ಐದಾರು ವರ್ಷದ ಹುಡುಗನಾಗಿದ್ದಾಗಿನಿಂದ ನಾನು ಗಾಡಿಯಲ್ಲಿ ಕೂತು ಆ ಗುಂಡಿಗೆ ಹೋಗಿದ್ದೇನೆ. ತಾತ ಗೊಬ್ಬರವನ್ನು ಹಿಡಿಯಲ್ಲಿ ಅದುಮಿ ನೋಡುವರು. ಕಪ್ಪಗೆ, ಪುಡಿಪುಡಿಯಾಗಿ, ರಾಗಿ ಹುರಿಹಿಟ್ಟಿನ ಹಾಗೆ ಉದುರಬೇಕು. ನನ್ನ ಆಸಕ್ತಿ ಬೇರೆ. ಆ ಗೊಬ್ಬರದಲ್ಲಿ ಬಳೆಚೂರು ಸಿಗುತ್ತಿದ್ದವು. ಹಸಿರು, ಕೆಂಪು, ಚುಕ್ಕೆ ಇಟ್ಟ ನೀಲಿ. ಪೇಟೆಯ ಹೆಂಗಸರ ಕೈಯಲ್ಲಿ ಒಡೆದು ಕಸಕ್ಕೆ ಬಿದ್ದವು, ಆರು ತಿಂಗಳು ಕೊಳೆಯುವುದರ ನಡುವೆ ಇದ್ದು ಹೊಳಪು ಕಳೆದುಕೊಳ್ಳದೆ ಬರುತ್ತಿದ್ದವು. ಜೇಬು ತುಂಬಿಸಿಕೊಂಡು ಬಂದರೆ ಅಜ್ಜಿ ಬಾಗಿಲಲ್ಲೇ ತಡೆದು, ಹಿತ್ತಲಿಗೆ ಕರೆದೊಯ್ದು ತಲೆಯ ಮೇಲೆ ನೀರು ಸುರಿದು, ಚಡ್ಡಿ ಸಮೇತ ತೊಳೆದು ಒಳಗೆ ಬಿಡುವಳು.

ಆ ಗುಂಡಿಗಳ ಹತ್ತಿರ ಒಬ್ಬರು ಕೆಲಸ ಮಾಡುತ್ತಿದ್ದರು. ತಾತನ ವಯಸ್ಸು. ಬೆಳಗಿನ ಜಾವ ಪೇಟೆಯ ಮನೆಗಳ ಹಿಂದಿನ ಸಂದಿಯಲ್ಲಿ ಹೋಗಿ, ಕಕ್ಕಸಿನ ಹಿಂಬದಿಯ ಸಣ್ಣ ಬಾಗಿಲು ಎತ್ತಿ, ಬಳಿದು ಡಬ್ಬದಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ತರುವುದು. ಹೊತ್ತೇರಿದ ಮೇಲೆ ಗುಂಡಿ ತುಂಬುವುದು. ಜನ ತೋಟಿ ಎನ್ನುತ್ತಿದ್ದರು. ನಾನು ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದೆ. ಅವರು ನನ್ನನ್ನು ‘ಬುದ್ಧೀ’ ಎನ್ನುತ್ತಿದ್ದರು. ಗುಂಡಿಯ ವಿದ್ಯೆಯನ್ನು ನನಗೆ ಮೊದಲು ಕಲಿಸಿದವರು ಅವರು. ಹೊಸದಾಗಿ ಮುಚ್ಚಿದ ಗುಂಡಿಯ ಮೇಲೆ ನನ್ನನ್ನು ನಡೆಸಿ, ‘ಕಾಲು ಇಳೀತಾ ಬುದ್ಧೀ? ಇಳಿದರೆ ಸರಿಯಾಗಿ ತುಂಬಿಲ್ಲ ಅಂತ’ ಎಂದರು. ಇಳಿಯಲಿಲ್ಲ. ಎಷ್ಟೋ ವರ್ಷದ ಮೇಲೆ ಆರೋಗ್ಯಶಾಸ್ತ್ರದ ಪುಸ್ತಕವೊಂದರಲ್ಲಿ ಅದೇ ಪರೀಕ್ಷೆಯನ್ನು ಓದಿದೆ: ಸರಿಯಾಗಿ ತುಂಬಿದ ಗುಂಡಿಯ ಮೇಲೆ ನಡೆದವನ ಕಾಲು ಹೂತುಹೋಗಬಾರದು.

ಅವರು ನೀರು ಕೇಳಿದಾಗ ತಾತ ಚೊಂಬಿನಿಂದ ಮೇಲಿನಿಂದ ಹೊಯ್ಯುವರು, ಅವರು ಬೊಗಸೆಯಲ್ಲಿ ಹಿಡಿದು ಕುಡಿಯುವರು. ತಾತ ಕೆಟ್ಟವರಲ್ಲ. ಕೂಲಿ ಹಿಡಿದಿಟ್ಟವರಲ್ಲ. ಆದರೂ ಚೊಂಬು ಕೆಳಗಿಳಿಯಲಿಲ್ಲ. ಅವರು ಹೊತ್ತು ತಂದದ್ದನ್ನು ಬೊಗಸೆಯಲ್ಲಿ ಹಿಡಿದು ಮೂಸಿ ನೋಡಿದ ತಾತ, ಅವರ ಕೈ ಮುಟ್ಟಲಿಲ್ಲ. ಎತ್ತಿನ ಹೆಸರು ಬರೆದ ಪುಸ್ತಕದಲ್ಲಿ ಅವರ ಹೆಸರಿಲ್ಲ. ನಾನು ಒಂದೊಂದು ಪುಟವನ್ನೂ ನೋಡಿದ್ದೇನೆ. ನನಗೂ ನೆನಪಿಲ್ಲ, ಯಾಕೆಂದರೆ ನಾನು ಕೇಳಲೇ ಇಲ್ಲ.

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಈಗಲೂ ಹಳೆಯ ಮನೆಸಾಲುಗಳ ಹಿಂದೆ ಕಿರಿದಾದ ಕನ್ಸರ್ವೆನ್ಸಿ ಓಣಿಗಳಿವೆ. 1898ರ ಪ್ಲೇಗಿನ ಹೊತ್ತಿನಲ್ಲಿ, ಗಾಳಿ ಬೆಳಕು ಇರಲಿ ಎಂದು ಅಳೆದು ಕಟ್ಟಿದ ಬಡಾವಣೆಗಳು ಅವು. ಮುಂದಿನ ಬೀದಿಯಲ್ಲಿ ಮನೆಯವರು, ಹಿಂದಿನ ಓಣಿಯಲ್ಲಿ ಮಲ ಹೊರುವವರು. ನಗರದ ನಕ್ಷೆ ಬರೆಯುವಾಗಲೇ ಅವರಿಗೆ ಯಾರ ಕಣ್ಣಿಗೂ ಬೀಳದ ದಾರಿಯೊಂದನ್ನು ಬರೆದುಬಿಟ್ಟಿದ್ದರು. ಬೆಂಗಳೂರು ವಿಧಾನದ ಚರಿತ್ರೆ ಬರೆಯುವವರು ಆಚಾರ್ಯರ ಪ್ರಯೋಗಶಾಲೆಯ ಜೊತೆಗೆ ಈ ಓಣಿಗಳನ್ನೂ ಬರೆಯಬೇಕು. ಎರಡಂಗುಲದ ಆ ಪದರ ಗುಂಡಿಯವರೆಗೆ ಬಂದದ್ದು ಒಬ್ಬರ ತಲೆಯ ಮೇಲೆ.

1970ರ ದಶಕದ ಆರಂಭದಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ನಾನಾಗ ಕಾಲೇಜಿನಲ್ಲಿದ್ದೆ. ‘ಇನ್ನು ಪೇಟೆ ಗೊಬ್ಬರ ಸಿಗಲ್ಲ’ ಎಂದು ಊರಿನಲ್ಲಿ ಗೊಣಗಿದವರಿದ್ದರು. ತೋಪಿನ ಒಂದು ವರ್ಷದ ಫಸಲಿಗಿಂತ, ಹತ್ತು ವರ್ಷದ ಫಸಲಿಗಿಂತ ಆ ಆದೇಶ ದೊಡ್ಡದು ಎಂದು ನಾನು ಅಂದೂ ನಂಬಿದ್ದೆ. ಆದರೆ ಆದೇಶದಿಂದ ಎಲ್ಲ ಮುಗಿಯಲಿಲ್ಲ. ದೇಶಕ್ಕೆ 1993ರಲ್ಲಿ ಒಂದು ಕಾನೂನು ಬೇಕಾಯಿತು, 2013ರಲ್ಲಿ ಇನ್ನೊಂದು. ನಮ್ಮದೇ ಜಿಲ್ಲೆಯ ಚಿನ್ನದ ಗಣಿಯ ಪಟ್ಟಣದಲ್ಲಿ ಈ ಕೆಲಸ ಇಪ್ಪತ್ತೊಂದನೇ ಶತಮಾನಕ್ಕೂ ದಾಟಿ ಬಂತು.

ಪೇಟೆ ಗೊಬ್ಬರದಿಂದ ತಾತ ಒಂದು ಪಾಠ ಕಲಿತರು, ಅದನ್ನೂ ಹೇಳಬೇಕು. ಒಂದು ವರ್ಷ ಗೊಬ್ಬರ ಸಿಗುವುದು ತಡವಾಗಿ, ಕಾರ್ತಿಕ ಮಾಸದಲ್ಲಿ ಮರಗಳಿಗೆ ಹಾಕಿಸಿ ಮೇಲೆ ನೀರೂ ಕಟ್ಟಿಸಿದರು. ಸಂಕ್ರಾಂತಿ ಹೊತ್ತಿಗೆ ಪಕ್ಕದ ತೋಪುಗಳಲ್ಲಿ ಹೂವಿನ ಗೊಂಚಲು, ನಮ್ಮ ಬಾದಾಮಿ ಮರಗಳಲ್ಲಿ ಕೆಂಪು ಚಿಗುರು. ಹೂವೇ ಇಲ್ಲ. ಮಾವು ಹೂವಿಗೆ ಕೂರುವ ಮುಂಚೆ ಒಂದಿಷ್ಟು ಹಸಿವು, ಒಂದಿಷ್ಟು ಬಾಯಾರಿಕೆ ಅನುಭವಿಸಬೇಕು; ಆ ಹೊತ್ತಿಗೆ ಸಾರಜನಕ ಮತ್ತು ನೀರು ಸಿಕ್ಕರೆ ಅದು ಎಲೆಯ ಕಡೆಗೆ ತಿರುಗಿಬಿಡುತ್ತದೆ. ಪುಸ್ತಕದ ಆ ಪುಟದಲ್ಲಿ ದಪ್ಪ ಅಕ್ಷರ: ‘ದಸರಾ ಆದ ಮೇಲೆ ಮರಕ್ಕೆ ಏನೂ ಇಲ್ಲ.’ ನಾನು ಇಂದಿಗೂ ಅದನ್ನು ಮೀರಿಲ್ಲ. ಕಾಯಿ ಕೊಯ್ದು ಮುಗಿದು, ಜುಲೈ ಮಳೆ ಹಿಡಿದಾಗ ಗೊಬ್ಬರ. ಅದೂ ಬುಡಕ್ಕಲ್ಲ. ಮಧ್ಯಾಹ್ನದ ನೆರಳು ಬೀಳುವ ಅಂಚಿನಲ್ಲಿ ಸುತ್ತ ಚರಂಡಿ ತೋಡಿ ಅದರೊಳಕ್ಕೆ. ಉಣ್ಣುವ ಬೇರು ಇರುವುದು ಅಲ್ಲಿ.

ಎಂಬತ್ತರ ದಶಕ ಬರುತ್ತಿದ್ದಂತೆ ಪುಸ್ತಕ ಬಡವಾಗುತ್ತದೆ. ಗೋಡಿನ ಸಾಲುಗಳು ಕಡಿಮೆಯಾಗಿ ಯೂರಿಯಾ, ಡಿಎಪಿ ಮೂಟೆಗಳ ಲೆಕ್ಕ ಬರುತ್ತದೆ. ಸುತ್ತಮುತ್ತಲಿನ ಹೊಲಗಳಲ್ಲಿ ನೀಲಗಿರಿ ಎದ್ದಿತು, ಎತ್ತುಗಳು ಮಾರಿಹೋದವು, ಕೆರೆಗಳಿಗೆ ನೀರು ಬರುವುದೇ ನಿಂತಿತು. ಬೋರ್‌ವೆಲ್ ಸಾವಿರ ಅಡಿ ದಾಟಿತು. ಪೇಟೆಯ ಕಸ ಇತ್ತು, ಆದರೆ ಅದು ಹಳೆಯ ಕಸವಾಗಿರಲಿಲ್ಲ. ಬೆಂಗಳೂರಿನ ಕಸವನ್ನು ಗೊಬ್ಬರ ಮಾಡಲೆಂದೇ 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತ್ತು. ಆದರೆ ನಮ್ಮ ಪೇಟೆಯ ಗುಂಡಿಗಳಲ್ಲಿ ಬಳೆಚೂರಿನ ಜಾಗಕ್ಕೆ ಪ್ಲಾಸ್ಟಿಕ್ ಕವರು, ಬ್ಯಾಟರಿ, ಸೂಜಿ ಬಂದವು. ಒಂದು ಲಾರಿ ತರಿಸಿ ನೋಡಿದೆ. ಜರಡಿ ಹಿಡಿದು ಹಿಡಿದು ಆಳುಗಳ ಕೈ ಕುಯ್ದುಕೊಂಡಿತು. ಮತ್ತೆ ತರಿಸಲಿಲ್ಲ.

ಆಮೇಲೆ 2018ರ ಜೂನ್. ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಯೋಜನೆಯ ಲೆಕ್ಕ ದಿನಕ್ಕೆ 44 ಕೋಟಿ ಲೀಟರ್, 126 ಕೆರೆ. ಮೊದಲ ತಿಂಗಳುಗಳಲ್ಲಿ ನೊರೆ ಎದ್ದು ಗಲಾಟೆಯಾಯಿತು. ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂದು ನಮ್ಮ ಜಿಲ್ಲೆಯ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಆ ಬೇಡಿಕೆ ನ್ಯಾಯವಾದದ್ದು, ನನ್ನದೂ ಅದೇ. ಆದರೂ ಇಪ್ಪತ್ತು ವರ್ಷ ಒಣಗಿದ್ದ ನಮ್ಮೂರ ಕೆರೆ ತುಂಬಿ, ಕಟ್ಟೆಯ ಮೇಲೆ ಕೊಕ್ಕರೆ ಕೂತದ್ದನ್ನು ನೋಡಿದ ದಿನ ನನಗೆ ಕಣ್ಣು ತುಂಬಿ ಬಂತು.

ಇದರಲ್ಲಿ ಒಂದು ಹಳೆಯ ಕೊಂಡಿ ಇದೆ. ಕೊಳಚೆ ನೀರಿಗೆ ಗಾಳಿಯೂದಿ, ಅದರಲ್ಲೇ ಹುಟ್ಟುವ ಜೀವಾಣುಗಳ ಕೈಯಿಂದ ಅದನ್ನು ತಿಳಿ ಮಾಡಿಸುವ ‘ಆಕ್ಟಿವೇಟೆಡ್ ಸ್ಲಜ್’ ವಿಧಾನ 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿತು. ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರ ಆ ಪ್ರಯೋಗಕ್ಕೆ ದಾರಿ ತೋರಿದ ಗಿಲ್ಬರ್ಟ್ ಫೌಲರ್, 1916ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಪ್ರೊಫೆಸರಾಗಿ ಬಂದರು. ಆಚಾರ್ಯರು ಕೆಲಸ ಮಾಡಿದ ಸಂಸ್ಥೆಯೇ ಅದು. ಊರಿನ ಕೊಳೆಯಲ್ಲಿರುವ ಸಾರಜನಕ ಹೊಲಕ್ಕೆ ಹೋಗಬೇಕು, ಹೊಳೆಗೆ ಹೋಗಿ ಹಾಳಾಗಬಾರದು ಎನ್ನುವುದು ಫೌಲರರ ಜೀವನದ ಚಿಂತೆ. 1934ರಲ್ಲಿ ಆ ಕುರಿತೇ ಪುಸ್ತಕ ಬರೆದರು. ಗಾಳಿಯೂದುವ ಆ ವಿಧಾನವೇ ಇಂದಿಗೂ ನಗರಗಳ ಶುದ್ಧೀಕರಣ ಘಟಕಗಳ ಜೀವಾಳ.

ಎರಡು ಹಂತದ ಶುದ್ಧೀಕರಣದಲ್ಲಿ ಕೊಳೆ ಹೋಗುತ್ತದೆ. ಕರಗಿದ ಸಾರಜನಕ, ರಂಜಕ ಬಹುಪಾಲು ಉಳಿಯುತ್ತವೆ. ಬಿಸಿಲಿರುವ ಕೆರೆಗೆ ಅವು ಬಂದರೆ ಬೆಳೆಯುವುದು ಪಾಚಿ. ನಮ್ಮ ಕೆರೆ ಎರಡನೇ ವರ್ಷಕ್ಕೇ ಹಸಿರಾಯಿತು. ಪೇಟೆಯ ಗೊಬ್ಬರ ಮತ್ತೆ ನಮ್ಮೂರಿಗೆ ಬಂತು ಎಂದು ನನಗೆ ಅನ್ನಿಸಿತು, ಈ ಸಲ ಯಾರ ತಲೆಯ ಮೇಲೂ ಅಲ್ಲ.

ಆ ಪಾಚಿಯನ್ನು ಬಳಸಲು ಹೋಗಿ ನಾನು ಒಂದು ಮರಕ್ಕೆ ಪೆಟ್ಟು ಕೊಟ್ಟೆ. ದಡದಲ್ಲಿ ಕೂದಲಿನ ಹಾಗೆ ಎಳೆ ಎಳೆಯಾಗಿ ತೇಲುವ ಪಾಚಿಯನ್ನು ಬುಟ್ಟಿಯಲ್ಲಿ ಎತ್ತಿಸಿ, ಹಸಿಹಸಿಯಾಗಿಯೇ ಒಂದು ಮಲ್ಲಿಕಾ ಮರದ ಬುಡಕ್ಕೆ ದಪ್ಪಗೆ ಹಾಕಿಸಿದೆ. ವಾರಕ್ಕೆ ನಾತ. ಇನ್ನೊಂದು ವಾರಕ್ಕೆ ಅದು ಒಣಗಿ ರಟ್ಟಿನ ಹಾಗೆ ಬಿಗಿದುಕೊಂಡು, ಬಿದ್ದ ಮಳೆ ಒಳಗಿಳಿಯದೆ ಹೊರಗೆ ಹರಿಯಿತು. ರಟ್ಟಿನಡಿಯಲ್ಲಿ ಸದಾ ತೇವ. ಬುಡದ ತೊಗಟೆ ಮೆತ್ತಗಾಗಿ ಅಂಟು ಒಸರತೊಡಗಿತು. ಕೆರೆದು ಬೋರ್ಡೋ ಮುಲಾಮು ಹಚ್ಚಿ ಮರ ಉಳಿಸಿಕೊಂಡೆ. ಬುಡಕ್ಕೆ ಬೇಡ ಎಂದು ತಾತ ಬರೆದಿಟ್ಟಿದ್ದರು. ಹೊಸ ವಸ್ತು ಎಂಬ ಉತ್ಸಾಹದಲ್ಲಿ ಹಳೆಯ ಮಾತನ್ನು ಮರೆತಿದ್ದೆ.

ಆಮೇಲೆ ಕೂತು ಯೋಚಿಸಿದೆ. ಪಾಚಿಯಲ್ಲಿ ನೀರು ಮತ್ತು ಸಾರಜನಕ ಹೆಚ್ಚು, ನಾರು ಕಡಿಮೆ. ತೋಪಿನಲ್ಲಿ ಬೀಳುವ ಒಣ ಮಾವಿನೆಲೆ ಅದಕ್ಕೆ ತದ್ವಿರುದ್ಧ, ವರ್ಷ ಕಳೆದರೂ ಕೊಳೆಯದು. ಎರಡನ್ನೂ ಕೂಡಿಸಿದರೆ? ಆಚಾರ್ಯರ ಗುಂಡಿಯಲ್ಲಿ ಮಲ ಮಾಡುತ್ತಿದ್ದ ಕೆಲಸವನ್ನು ಪಾಚಿ ಮಾಡಲಾರದೇ? ಮೂರು ಅಡಿ ಗುಂಡಿ ತೋಡಿಸಿದೆ. ಅರ್ಧ ಅಡಿ ಮಾವಿನೆಲೆ, ರಾಗಿ ಹುಲ್ಲು. ಅದರ ಮೇಲೆ ಎರಡು ಅಂಗುಲ ಪಾಚಿ, ಎರಡು ದಿನ ಕಟ್ಟೆಯ ಮೇಲೆ ಬಾಡಿಸಿದ್ದು. ಮೇಲೆ ಒಂದಿಷ್ಟು ಸಗಣಿ ಬಗ್ಗಡ. ಮೂರನೇ ದಿನ ಕಬ್ಬಿಣದ ಸರಳು ಚುಚ್ಚಿ ತೆಗೆದರೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ. ಫೆಬ್ರವರಿಯಲ್ಲಿ ಮುಚ್ಚಿದ್ದನ್ನು ಜುಲೈನಲ್ಲಿ ತೆಗೆದಾಗ ಎಲೆಯ ನರ ಕೂಡ ಕಾಣಲಿಲ್ಲ. ಹುರಿಹಿಟ್ಟಿನ ಹಾಗೆ ಉದುರಿತು.

ಇದನ್ನು ಮಾಡಹೊರಟವರಿಗೆ ಎರಡು ಎಚ್ಚರ. ನೀರಿನ ಮೇಲೆ ಹಸಿರು ಬಣ್ಣ ಕದಡಿದ ಹಾಗೆ ಕಟ್ಟುವ ಪಾಚಿಯನ್ನು ಮುಟ್ಟಬೇಡಿ; ಅದರಲ್ಲಿ ಕೆಲವು ಜಾತಿ ವಿಷದವು, ಅಂಥ ನೀರು ಕುಡಿದ ದನ ಸಾಯಬಹುದು. ಎಳೆ ಎಳೆಯಾಗಿ ಕೈಗೆ ಬರುವುದನ್ನು ಮಾತ್ರ ತೆಗೆಯಿರಿ. ನಗರದ ನೀರು ಬರುವ ಕೆರೆಯಾದರೆ ಪಾಚಿಯನ್ನೂ ಗೋಡನ್ನೂ ಭಾರಲೋಹಗಳ ಪರೀಕ್ಷೆ ಮಾಡಿಸದೆ ತೋಪಿಗೆ ತರಬೇಡಿ. ನಾನು ವರ್ಷಕ್ಕೊಮ್ಮೆ ಮಾಡಿಸುತ್ತೇನೆ. ಆದರೂ ಅದನ್ನು ಸೊಪ್ಪು ತರಕಾರಿಗೆ ಹಾಕುವುದಿಲ್ಲ, ಮರಗಳಿಗಷ್ಟೇ.

ಗೊಬ್ಬರದಂಗಡಿಗಳಲ್ಲಿ ಈಗ ಕಡಲ ಪಾಚಿಯ ಬಾಟಲಿಗಳೂ ಸಾಲಾಗಿ ನಿಂತಿವೆ. ಭಾವನಗರದ ಉಪ್ಪು ಮತ್ತು ಸಾಗರ ರಾಸಾಯನಿಕಗಳ ಸಂಶೋಧನಾ ಸಂಸ್ಥೆಯವರು ಕ್ಯಾಪಾಫೈಕಸ್ ಎಂಬ ಕೆಂಪು ಪಾಚಿಯಿಂದ ರಸ ತೆಗೆಯುವ ವಿದ್ಯೆ ಕಂಡುಹಿಡಿದರು. ತಮಿಳುನಾಡಿನ ರಾಮನಾಥಪುರದ ಕರಾವಳಿಯಲ್ಲಿ ಹೆಂಗಸರು ಎದೆಮಟ್ಟ ನೀರಿನಲ್ಲಿ ನಿಂತು ಬಿದಿರಿನ ತೆಪ್ಪಗಳಲ್ಲಿ ಅದನ್ನು ಬೆಳೆಯುತ್ತಾರೆ. 2021ರಲ್ಲಿ ಕೇಂದ್ರ ಸರ್ಕಾರ ಇಂಥ ಪದಾರ್ಥಗಳನ್ನು ಜೈವಿಕ ಪ್ರಚೋದಕ ಎಂಬ ಹೆಸರಿನಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದೊಳಕ್ಕೆ ತಂದಿತು. ಹೆಸರು ಸರಿಯಾಗಿದೆ: ಅದು ಮರಕ್ಕೆ ಊಟವಲ್ಲ, ಹಸಿವು ಹುಟ್ಟಿಸುವ ಕಷಾಯ. ಕಾಯಿ ಗೋಲಿ ಗಾತ್ರ ಇರುವಾಗ ನಾನೂ ಸಿಂಪಡಿಸುತ್ತೇನೆ. ಆದರೆ ಗೋಡು ಕಾಣದ ಬಡ ಮಣ್ಣಿನಲ್ಲಿ ಆ ಬಾಟಲಿಯೊಂದನ್ನೇ ನಂಬಿದವರ ತೋಪುಗಳನ್ನು ನೋಡಿದ್ದೇನೆ. ಎಲೆ ಹೊಳೆಯುತ್ತದೆ, ಕೊಂಬೆಯಲ್ಲಿ ಕಸುವಿಲ್ಲ.

ತಾತನ ಪುಸ್ತಕದಲ್ಲಿ ಹಿಂದೆ ಇಪ್ಪತ್ತೆಂಟು ಹಾಳೆ ಖಾಲಿ ಉಳಿದಿದ್ದವು. ನಾಲ್ಕು ವರ್ಷದಿಂದ ಅದರಲ್ಲೇ ಬರೆಯುತ್ತಿದ್ದೇನೆ. ಈ ವರ್ಷದ ಪುಟ: ‘ಪಾಚಿ 31 ಬುಟ್ಟಿ. ಮಾವಿನೆಲೆ 2 ಟ್ರ್ಯಾಕ್ಟರ್. ರಾಗಿ ಹುಲ್ಲು 40 ಹೊರೆ.’ ಅದರ ಕೆಳಗೆ ಪಾಚಿ ಎತ್ತಿದ ಇಬ್ಬರು ಹೆಂಗಸರ, ಗುಂಡಿ ತೋಡಿದ ಮೂವರ ಹೆಸರು, ಅವರವರ ಊರು, ಕೂಲಿ. ರಬ್ಬರ್ ಬೂಟು, ಕೈಗವಸು ಕೊಂಡ ಖರ್ಚೂ ಇದೆ.

ಮೊನ್ನೆ ಗುಂಡಿ ಮುಚ್ಚಿ ಮಣ್ಣೆಳೆದ ಮೇಲೆ, ರಜೆಗೆ ಬಂದಿದ್ದ ಮೊಮ್ಮಗಳನ್ನು ಅದರ ಮೇಲೆ ನಡೆಸಿದೆ. ಏಳು ವರ್ಷ. ಚಪ್ಪಲಿ ಬಿಟ್ಟು, ಒಂದು ತುದಿಯಿಂದ ಇನ್ನೊಂದು ತುದಿಗೆ, ತೋಳು ಅಗಲಿಸಿ, ಒಂದೊಂದೇ ಹೆಜ್ಜೆ ಒತ್ತಿ ಒತ್ತಿ ಇಟ್ಟು ನಡೆದಳು. ಕೊನೆಗೆ ಹೋಗಿ ತಿರುಗಿ ನಿಂತು, ‘ಎಲ್ಲೂ ಇಳೀಲಿಲ್ಲ ತಾತ’ ಎಂದಳು.